ಅರವತ್ತೈದು ಭಾಗಾಕಾರ

ಹತ್ತನೇ ತರಗತಿಯ ಗಣಿತದಲ್ಲಿ ಎರಡು ಸಲ ಫೇಲಾಗಿ ಓದು ಬಿಟ್ಟವಳು ನಾನು. ತಳಕಿನ ಬಸ್ ಸ್ಟ್ಯಾಂಡ್ ಹತ್ತಿರ ಬ್ಲೌಸ್ ಹೊಲಿಯುತ್ತೇನೆ. ಹೋದ ವರ್ಷ ಒಂದು ಸಂಜೆ, ಎಂಟನೇ ತರಗತಿ ಓದುವ ಮಗಳು ಶಾಲೆಯಿಂದ ಬಂದವಳೇ ಅಂಗಡಿಯ ಮೆಟ್ಟಿಲ ಮೇಲೆ ಕೂತಳು.

"ಅವ್ವಾ, ಐದು ಅಂಕಿ ಸಂಖ್ಯೆಯೊಳಗೆ ಎಲ್ಲಕ್ಕಿಂತ ದೊಡ್ಡ ಅವಿಭಾಜ್ಯ ಯಾವ್ದು ಗೊತ್ತಾ? 99991. ಒಂದು ಬಿಟ್ರೆ, ಅದನ್ನ ಬಿಟ್ರೆ, ಇನ್ಯಾವುದ್ರಿಂದಲೂ ಭಾಗ ಹೋಗಲ್ಲ."

"ನೀನು ಭಾಗಿಸಿ ನೋಡಿದ್ಯಾ?"

"ಫೋನಲ್ಲೇ ಐತೆ. ಕೈಯಾಗೆ ಯಾರು ಮಾಡ್ತಾರೆ? ನಿನ್ ಕೈಲಂತೂ ಆಗಲ್ಲ ಬಿಡವ್ವ."

ನಗುತ್ತಲೇ ಅಂದಿದ್ದಳು. ಆದರೂ ಚುಚ್ಚಿತು. ಹೊಲಿಗೆ ನಿಲ್ಲಿಸಿ, "ಎಷ್ಟು ಸಲ ಭಾಗಿಸ್ಬೇಕು, ಹೇಳು" ಎಂದೆ.

313ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕಂತೆ. ಮುಂದಿನ ಅವಿಭಾಜ್ಯ 317. ಅದನ್ನು ಅದರಿಂದಲೇ ಗುಣಿಸಿದರೆ ನಮ್ಮ ಸಂಖ್ಯೆಯನ್ನು ದಾಟುತ್ತದೆ. ಅದಕ್ಕಿಂತ ದೊಡ್ಡದು ಯಾವುದಾದರೂ ಭಾಗಿಸುವುದಾದರೆ ಭಾಗಲಬ್ಧವಾಗಿ ಬರುವ ಅದರ ಜೋಡಿ ಚಿಕ್ಕದೇ ಆಗಿರಬೇಕು, ಮೊದಲೇ ಸಿಕ್ಕಿರುತ್ತದೆ. ಒಂದೇ ಸಲಕ್ಕೆ ಅರ್ಥವಾಯಿತು, ನನಗೇ ಆಶ್ಚರ್ಯ. ಮಗಳು ಅರವತ್ತೈದು ಅವಿಭಾಜ್ಯಗಳನ್ನು ಪಟ್ಟಿ ಮಾಡಿ ಕೊಟ್ಟಳು.

ಕೆಲಸದ ನಡುವೆ ಬಿಡುವಾದಾಗಲೆಲ್ಲ ಭಾಗಿಸಿದೆ. ಏಳಕ್ಕೆ ಶೇಷ ಮೂರು, ಹನ್ನೊಂದಕ್ಕೆ ಒಂದು, ಹದಿಮೂರಕ್ಕೆ ಎಂಟು. ಕೊಂಡ್ಲಹಳ್ಳಿಯಿಂದ ಬಟ್ಟೆ ಕೊಡಲು ಬಂದ ಒಬ್ಬರು ನೋಟ್‌ಬುಕ್ಕಿನೊಳಗೆ ಇಣುಕಿ, "ಏನ್ರಿ ಇದು, ನನ್ ಅಳತೆನಾ?" ಎಂದರು.

"ಅಲ್ಲ ಕಣ್ರಿ. ಈ ಸಂಖ್ಯೆ ಒಡೆಯುತ್ತೋ ಇಲ್ವೋ ನೋಡ್ತಿದೀನಿ."

"ಒಡೆದ್ರೆ ಏನ್ ಸಿಗುತ್ತೆ?"

"ಏನೂ ಸಿಗಲ್ಲ. ತಿಳ್ಕೋಬೇಕು, ಅಷ್ಟೇ."

ಮೂರನೇ ದಿನ ಎಪ್ಪತ್ತಮೂರಕ್ಕೆ ಬಂದೆ. ಶೇಷ ಸೊನ್ನೆ! ಉತ್ತರಕ್ಕೆ ಸುತ್ತು ಹಾಕಿಟ್ಟೆ. ಮಗಳು ಬರುತ್ತಿದ್ದಂತೆ, "ನಿನ್ ಫೋನ್ ಸುಳ್ಳು ಹೇಳೈತೆ. ನೋಡಿಲ್ಲಿ, 1367 ಸಲ ಸರಿಯಾಗಿ ಹೋಗೈತೆ" ಎಂದೆ.

ಅವಳು ಗುಣಿಸಿ ನೋಡಿದಳು. "ಅವ್ವಾ, 99791 ಬಂತು. ಇನ್ನೂರು ಕಮ್ಮಿ."

ಇಬ್ಬರೂ ಸಾಲು ಸಾಲಾಗಿ ಹುಡುಕಿದೆವು. 509ರಲ್ಲಿ 438 ಕಳೆದರೆ 71. ನಾನು 51 ಬರೆದಿದ್ದೆ. ಹಳೆಯ ಫೇಲಿನ ದಿನಗಳ ಹಾಗೆ ಪುಸ್ತಕ ಮುಚ್ಚಿಡಬೇಕೆನಿಸಿತು.

"ಸಾಕು ಬಿಡವ್ವ, ಇಷ್ಟು ಮಾಡಿದ್ಯಲ್ಲ" ಎಂದಳು ಮಗಳು.

"ಇನ್ನೂ ನಲವತ್ತನಾಲ್ಕು ಐತೆ. ತಪ್ಪಾಗೈತೆ ಅಂತ ಬಿಡಕಾಗುತ್ತಾ?"

ಎಪ್ಪತ್ತಮೂರನ್ನು ಮತ್ತೆ ಮಾಡಿದೆ, ಶೇಷ ಐವತ್ನಾಲ್ಕು. ಅಂದಿನಿಂದ ಪ್ರತಿಯೊಂದನ್ನೂ ಗುಣಿಸಿ ತಾಳೆ ನೋಡಿದೆ. ಒಂಬತ್ತನೇ ದಿನ 313ಕ್ಕೆ ಬಂದಾಗ ಶೇಷ 144. ಅಲ್ಲಿಗೆ ಮುಗಿಯಿತು, ಸಂಖ್ಯೆ ಒಡೆದಿರಲಿಲ್ಲ. ಫೋನು ಹೇಳಿದ್ದೇ ನಿಜ. ಆದರೆ ಈಗ ಅದು ನನಗೆ ನಾನೇ ಕಂಡುಕೊಂಡ ನಿಜ.

ಮಗಳು ನೋಟ್‌ಬುಕ್ಕನ್ನು ಶಾಲೆಗೆ ಒಯ್ದಳು. ಗಣಿತದ ಮೇಡಂ ಪುಟ ಪುಟವನ್ನೂ ಓದಿ, ಆರು ಅಂಕಿಯ ದೊಡ್ಡ ಅವಿಭಾಜ್ಯ 999983, ಅದಕ್ಕೆ ನೂರ ಅರವತ್ತೆಂಟು ಭಾಗಾಕಾರ ಬೇಕೆಂದು ಹೇಳಿ ಕಳಿಸಿದರು. ಮರುದಿನವೇ ಶುರು ಮಾಡಿದೆ.