ಟೇಪು ಹಿಡಿದು ಆರಿಸಿದ ಮರಿ

ಶಿರಹಟ್ಟಿಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಕೊರಳಲ್ಲಿ ಸದಾ ಅಳತೆಯ ಟೇಪು. ಅದನ್ನು ಬಟ್ಟೆಗಿಂತ ಹೆಚ್ಚಾಗಿ ನಾಯಿಗಳ ಮೇಲೆ ಬಳಸಿದ್ದೇ ನನ್ನ ಜೀವಮಾನದ ಸಾಧನೆ. ಮುಧೋಳ ನಾಯಿಯ ಎದೆ ಎಷ್ಟು ಆಳವಿರಬೇಕು, ಸೊಂಟದ ಎರಡು ಎಲುಬುಗಳ ನಡುವೆ ಎಷ್ಟು ಬೆರಳು ಕೂರಬೇಕು ಎಂದು ಕೇಳದವರಿಗೂ ಹೇಳುತ್ತಿದ್ದೆ. ನಾಯಿ ಬಾಲ ಡೊಂಕು ಅನ್ನುತ್ತಾರಲ್ಲ, ಆ ಡೊಂಕನ್ನೂ ಅಳೆದವನು ನಾನು.

ನಮ್ಮ ಮನೆಯ ಹೆಣ್ಣು ನಾಯಿ ಓಟಕ್ಕೆ ಹೆಸರಾಗಿತ್ತು. ಮೊಲದ ಬೇಟೆ ಈಗ ಅಪರಾಧ. ಹಾಗಾಗಿ ಬೈಕಿನ ಹಿಂದೆ ಬಟ್ಟೆಯ ಗಂಟು ಕಟ್ಟಿ ಎಳೆದು, ಅದರ ಬೆನ್ನಿಗೆ ನಾಯಿ ಬಿಡುತ್ತೇವೆ. ನಮ್ಮದಕ್ಕೆ ವಯಸ್ಸಾಗಿತ್ತು, ಆಗ ಬಸಿರಾಗಿದ್ದುದೇ ಅದರ ಕೊನೆಯ ಸೂಲು. ಅದರ ಓಟ ಒಂದು ಮರಿಯಲ್ಲಾದರೂ ನಮ್ಮ ಮನೆಯಲ್ಲಿ ಉಳಿಯಲಿ ಎಂದು ನನಗೆ ಬಹಳ ಆಸೆಯಿತ್ತು.

"ಒಂದ ಮರಿ ಇಟ್ಕೋರಿ. ಎರಡನೇದು ಉಳಿಸಿದ್ರ ನೀವು ಅಂಗಡ್ಯಾಗ ಮಲಗ್ರಿ" ಎಂದು ಹೆಂಡತಿ ಮೊದಲೇ ಹೇಳಿಬಿಟ್ಟಿದ್ದಳು.

ಗಂಡು ನಾಯಿ ಬೆಳ್ಳಟ್ಟಿಯ ಕುರಿಗಾರನದು. ಗಂಡಿನ ಒಡೆಯನಿಗೆ ಒಂದು ಮರಿ ಕೊಡಬೇಕು, ಮೊದಲು ಆರಿಸುವ ಹಕ್ಕೂ ಅವನದೇ. ನಾಲ್ಕು ಮರಿ ಹುಟ್ಟಿದವು. ಅವಿನ್ನೂ ಕಣ್ಣು ಬಿಡುವ ಮೊದಲೇ ಅವನು ಬಂದು, ನಾಲ್ಕನ್ನೂ ಅಂಗಳದಲ್ಲಿ ಕೌದಿಯ ಮೇಲಿಟ್ಟು ತಾಯಿಯನ್ನು ಬಿಟ್ಟ. ತಾಯಿ ಮೊದಲು ಎತ್ತಿಕೊಂಡು ಹೋದದ್ದೇ ಗಟ್ಟಿ ಮರಿ ಎಂಬುದು ಅವರ ಮನೆತನದ ರೂಢಿ.

ತಾಯಿ ಎತ್ತಿದ್ದು ಎಲ್ಲಕ್ಕಿಂತ ಗಿಡ್ಡದ್ದನ್ನು. ಮೊಂಡ ಮೂಗು, ತುಂಡು ಬಾಲ.

"ಅದು ನಾಯಿ, ಅದಕ್ಕೇನ್ ಗೊತ್ತ ಆಗತೈತಲೇ?" ಎಂದು ನಾನು ನಕ್ಕೆ. ನಕ್ಕರೂ ಒಳಗೆ ಅಳುಕಿತ್ತು. ಟೇಪಿಗೆ ಅತಿ ಉದ್ದವಾಗಿ ಸಿಕ್ಕ ಮರಿಯನ್ನು ಇವನು ಕೇಳಿದರೆ ಗತಿಯೇನು?

"ಉದ್ದಂದು ನೀವ ಇಟ್ಕೋರಿ ಸಾವ್ಕಾರ್ರ. ನನಗ ತಾಯಿ ಎತ್ತಿದ್ದು ಸಾಕು" ಎಂದ ಅವನು.

ಹಾಲು ಬಿಡಿಸಿದ ಮೇಲೆ ಮೊಂಡಮೂಗನ್ನು ಒಯ್ದ. ಪಾಪ, ಮೋಸ ಹೋದನಲ್ಲ ಎಂದು ಮರುಕ ಹುಟ್ಟಿ ನಾನೇ ಅಂಗಡಿಯಿಂದ ಒಂದು ಟವೆಲ್ ಕೊಟ್ಟು ಕಳಿಸಿದೆ. ಉಳಿದೆರಡು ಗದಗಿನ ಬೀಗರ ಮನೆ ಸೇರಿದವು.

ಒಂದೂವರೆ ವರ್ಷಕ್ಕೆ ನನ್ನ ಮರಿ ನೋಡಿದವರು ನಿಂತು ನೋಡಬೇಕು, ಹಾಗೆ ಬೆಳೆಯಿತು. ಮಾಗಡಿ ಕೆರೆಯಿಂದಾಚೆ ಬಯಲಿನಲ್ಲಿ ಅದನ್ನೂ ಕುರಿಗಾರನ ಮೊಂಡಮೂಗನ್ನೂ ಒಟ್ಟಿಗೆ ಓಡಿಸುವುದೆಂದು ಊರಿಗೆಲ್ಲ ನಾನೇ ಸಾರಿದೆ. ಮುದಿ ತಾಯಿಯನ್ನೂ ಕರೆದೊಯ್ದೆ. ಗಂಟು ಕಟ್ಟಿದ ಬೈಕು ಹೊರಟಿತು. ನನ್ನ ಚೆಲುವ ಹತ್ತು ಹೆಜ್ಜೆ ಚೆಂದವಾಗಿ ಓಡಿ, ಬಿಸಿಲು ಜಾಸ್ತಿ ಅನ್ನಿಸಿತೋ ಏನೋ, ತಿರುಗಿ ಬಂದು ಟ್ರ್ಯಾಕ್ಟರಿನ ನೆರಳಿಗೆ ಮಲಗಿದ. ಮೊಂಡಮೂಗು ಗಂಟನ್ನು ಕಚ್ಚಿ ಕಿತ್ತು ತಂದು ತಾಯಿಯ ಮುಂದೆ ಹಾಕಿತು. ತಾಯಿಯದೇ ಓಟ, ತಿರುವಿನಲ್ಲಿ ಹಾಗೇ ಬಾಗುವ ಬೆನ್ನು. ಹೊಟ್ಟೆ ಉರಿಯಿತು, ಕಣ್ಣಲ್ಲಿ ನೀರೂ ಬಂತು.

ನಾಚಿಕೆ ಬಿಟ್ಟು ಅದಲು ಬದಲು ಮಾಡೋಣವೇ ಎಂದು ಕುರಿಗಾರನನ್ನು ಕೇಳಿದೆ.

"ಆವತ್ತ ತಾಯಿ ನಿಮ್ಮ ಕಣ್ಣಮುಂದ ಎತ್ತಿ ತೋರಿಸಿತ್ತಲ್ರಿ" ಎಂದನಷ್ಟೇ. ಹೆಗಲ ಮೇಲೆ ನನ್ನದೇ ಟವೆಲ್ ಇತ್ತು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಮ್ಮಪ್ಪಾರೂ ಎತ್ತರ ನೋಡೇ ನಿಮ್ಮನ್ನ ಆರಿಸಿದ್ರು. ನಮ್ಮವ್ವ ಬ್ಯಾರೆ ಹುಡುಗನ್ನ ತೋರಿಸಿದ್ಳರಿ."

ಆ ದಿನ ಊಟ ನಾನೇ ಬಡಿಸಿಕೊಂಡೆ.