ಮೇಲ್ಮೈ ಮುಟ್ಟದ ಮೇಷ್ಟ್ರು

ವೀರಭದ್ರಪ್ಪ ಸರ್ ಯಾವುದನ್ನೂ ಅಂಗೈಯಿಂದ ಹಿಡಿಯುತ್ತಿರಲಿಲ್ಲ. ಉತ್ತರಪತ್ರಿಕೆ, ಚಹಾದ ತಟ್ಟೆ, ಕೊನೆಗೆ ಮದುವೆಯ ಕರೆಯೋಲೆಯನ್ನೂ ಎರಡೇ ಬೆರಳಿನಿಂದ ಅಂಚು ಹಿಡಿದು ಎತ್ತುತ್ತಿದ್ದರು. ಹೊಸಪೇಟೆಯ ಆ ಕಾಲೇಜಿನಲ್ಲಿ ಹುಡುಗರೆಲ್ಲ ನಗುತ್ತಿದ್ದರು. ಅವರ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದ ನಾನೂ ನಕ್ಕಿದ್ದೇನೆ. “ಎಲ್ಲಾರೂ ಒಳಗ ಏನೈತಿ ಅಂತ ನೋಡ್ತಾರ ತಂಗಿ. ಮ್ಯಾಲೆ ಏನು ಕುಂತೈತಿ ಅಂತ ಯಾರೂ ನೋಡಂಗಿಲ್ಲ,” ಅನ್ನುತ್ತಿದ್ದರು.

ಅವರ ಪಿಎಚ್‌ಡಿ ವರ್ಷಗಟ್ಟಲೆ ಕುಂಟುತ್ತಿತ್ತು. ಪುಟ್ಟ ಬಿಲ್ಲೆಯ ಮೇಲೆ ಕೂದಲಿಗಿಂತ ತೆಳುವಾದ ಫೆರೋಎಲೆಕ್ಟ್ರಿಕ್ ಪದರ ಬಳಿಯುತ್ತಿದ್ದರು. ಅದಕ್ಕೆ ವಿದ್ಯುತ್ ಕೊಟ್ಟು ತೆಗೆದರೂ ಕೊಟ್ಟ ದಿಕ್ಕನ್ನು ಅದು ಉಳಿಸಿಕೊಳ್ಳುತ್ತಿತ್ತು. ಅಳೆದರೆ ಯಂತ್ರದ ಪರದೆಯ ನಟ್ಟನಡುವೆ ಕುಣಿಕೆಯಾಕಾರದ ಗೆರೆಯೊಂದು ಮೂಡಬೇಕು.

ಸಂಡೂರಿನ ಅದಿರು ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ವರ್ಷಗಳವು. ಬೆಳಿಗ್ಗೆ ಎದ್ದು ಒದ್ದೆ ಬಟ್ಟೆಯಲ್ಲಿ ಕೆಂಪು ಧೂಳು ಒರೆಸುವುದು ಊರಿಗೆ ಊರೇ ಮಾಡುತ್ತಿದ್ದ ಕೆಲಸ. ಒಂದು ದಿನ ಅದೇ ರೂಢಿಯಲ್ಲಿ ಮೇಜಿನ ಜೊತೆ ಬಿಲ್ಲೆಗಳನ್ನೂ ಒರೆಸಿಬಿಟ್ಟೆ. ಅಳೆದಾಗ ಕುಣಿಕೆ ಪಕ್ಕಕ್ಕೆ ಸರಿದುಹೋಗಿತ್ತು. ಸರ್ ಉರಿದುಬಿದ್ದರು. ಆಮೇಲೆ ಏನೋ ಹೊಳೆದು, ಬಿಲ್ಲೆಯನ್ನು ಫರ್ನೇಸಿನಲ್ಲಿ ಕಾಸಲು ನನಗೇ ಹೇಳಿದರು. ಕುಣಿಕೆ ನಡುವಿಗೆ ಮರಳಿತು. ಬರೀ ಶುದ್ಧ ನೀರು ತಾಗಿಸಿದೆವು, ಮತ್ತೆ ಸರಿಯಿತು. ಮೇಲೆ ಅಂಟಿದ ನೀರಿನ ಕಣಗಳೇ ಒಳಗಿನ ವಿದ್ಯುತ್ತಿನ ದಿಕ್ಕನ್ನು ಹಿಡಿದು ನಿಲ್ಲಿಸುತ್ತಿದ್ದವು.

“ಧೂಳಾಗಿದ್ರ ಕಾಸಿದ್ರ ಹೋಗ್ತಿತ್ತೇನು? ನಿನ್ನ ತಪ್ಪಿನಿಂದ ನನ್ನ ಪಿಎಚ್‌ಡಿ ಮುಗೀತು ನೋಡು,” ಎಂದು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅದನ್ನೇ ಪ್ರಬಂಧವಾಗಿ ಬರೆದು ಸಲ್ಲಿಸಿದರು. ವಿಶ್ವವಿದ್ಯಾಲಯದಿಂದ ಅದರ ಪರಿಶೀಲನೆಗೆ ಬಂದವರೊಬ್ಬರು ಕಿಟಕಿಯ ಮೇಲೆ ಬೆರಳೆಳೆದು ಕೆಂಪು ಧೂಳು ತೋರಿಸಿದರು. ಕುಣಿಕೆ ಸರಿದದ್ದು ಈ ಧೂಳಿನಿಂದ, ಇದು ವಿಜ್ಞಾನವಲ್ಲ, ಕಸ ಅಂದರು. ಕಾಸಿದ ಮೇಲೆ ಕುಣಿಕೆ ಮರಳಿತೆಂದು ಸರ್ ವಾದಿಸಿದಾಗ, ಕಂಡವರು ಯಾರು ಎಂದು ಕೇಳಿದರು. ಸರ್ ನನ್ನ ಕಡೆ ನೋಡಿದರು. ಗಣಿ ಕಂಪನಿಯೊಂದರ ಅದಿರು ಪರೀಕ್ಷೆಯ ಲ್ಯಾಬಿನಲ್ಲಿ ನನಗೆ ಕೆಲಸ ನಿಕ್ಕಿಯಾಗಿತ್ತು, ಅದಕ್ಕೆ ಪ್ರಿನ್ಸಿಪಾಲರ ಶಿಫಾರಸು ಪತ್ರವೊಂದು ಬಾಕಿಯಿತ್ತು. ಕಾಸಿದ್ದು ಹೇಳಿದರೆ ಒರೆಸಿದ್ದೂ ಹೇಳಬೇಕಿತ್ತು, ಆ ಪತ್ರ ಕೈತಪ್ಪಬಹುದಿತ್ತು. ನನಗೆ ಗೊತ್ತಿಲ್ಲ, ಧೂಳಂತೂ ಇತ್ತು ಅಂದೆ. ಪ್ರಬಂಧ ತಿರಸ್ಕೃತವಾಯಿತು, ನನಗೆ ಪತ್ರ ಸಿಕ್ಕಿತು. ಈಗಲೂ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಎರಡು ವರ್ಷದ ಮೇಲೆ ಸರ್ ಕಂಪ್ಲಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

“ಅವತ್ತು ಕಾಸಿದಾಕಿ ನೀನಽ ಅಲ್ಲೇನು ತಂಗಿ? ಇಲ್ಲಾ ನಾನಽ ಕನಸು ಕಂಡೆನೋ?”

“ನಾನಽ ರೀ ಸರ್.”

ತಲೆಯಾಡಿಸಿ ಬಸ್ ಹತ್ತಿದರು. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ನಾನು ಕೊಟ್ಟ ನಿಜವಾದ ಸಾಕ್ಷಿಯನ್ನು ಕೇಳಿಸಿಕೊಂಡವರು ಅವರೊಬ್ಬರೇ.