ಬಾಗಿಲು ಮಾಡುವ ಚೌರಪ್ಪನ ಗೋಣಿಪರದೆ

ಅರಸೀಕೆರೆಯಲ್ಲಿ ಯಾರ ಮನೆಗೆ ಬಾಗಿಲಿಡಬೇಕಾದರೂ ಬಡಗಿ ಚೌರಪ್ಪನೇ ಬರಬೇಕು. ಅವನ ಸ್ವಂತ ಮನೆಗೆ ಮಾತ್ರ ಬಾಗಿಲ ಬದಲು ಗೋಣಿಯೊಂದು ತೂಗಾಡುತ್ತಿತ್ತು. ಅವನ ಜನರಾದ ರೈಲ್ವೆ ಕೇರಿಯ ಕ್ರೈಸ್ತರಲ್ಲಿ ಯಾರು ತೀರಿಕೊಂಡರೂ ಪೆಟ್ಟಿಗೆ ಮಾಡುವವನು ಅವನೇ. ಬಡವರಾದರೆ ಹಲಗೆಯೂ ಅವನದೇ. ಹೀಗಾಗಿ ಬಾಗಿಲಿಗೆಂದು ಕೂಡಿಟ್ಟ ಮರವೆಲ್ಲ ಸತ್ತವರ ಜೊತೆ ಮಣ್ಣಿಗೆ ಹೋಗುತ್ತಿತ್ತು. ಎದುರು ಮನೆಯ ಮೇಷ್ಟರಾದ ನಾನು, ಕದಿಯಲು ಏನೂ ಇಲ್ಲದ ನನ್ನ ಮನೆಗೆ ಎರಡು ಬೀಗ ಹಾಕಿಕೊಂಡು, ಅವನ ಅವಿವೇಕಕ್ಕೆ ಮರುಗುತ್ತಿದ್ದೆ.

ಅವನ ಹೆಂಡತಿ ಜ್ಞಾನಮ್ಮನಿಗೆ ಇದ್ದದ್ದು ಒಂದೇ ಆಸೆ. "ಸಾಯಾದ್ರೊಳಗೆ ಒಂದಿನ ಒಳಗಿಂದ ಚಿಲಕ ಹಾಕ್ಕೊಂಡು ಮಲಗ್ಬೇಕು ಕಣ್ರೀ ಮೇಷ್ಟ್ರೇ. ನಾಯಿ ಬಂದು ಕಾಲು ಮೂಸ್ತವೆ."

ಯುದ್ಧ ಶುರುವಾಗಿ ಕೊಬ್ಬರಿ ಬೆಲೆ ಏರಿತು. ಕೊಬ್ಬರಿ ವ್ಯಾಪಾರಿ ಕಲ್ಲೇಶಪ್ಪನವರು ಹೊಸ ಮನೆ ಎಬ್ಬಿಸಿದರು. ಬೇಲೂರಿನಲ್ಲಿ ಕೆಡವಿದ ಹಳೆ ಮನೆಯೊಂದರ ತೇಗ ಗಾಡಿಗಟ್ಟಲೆ ಬಂತು. ಹೆಬ್ಬಾಗಿಲು ಮುಗಿಸಿಕೊಟ್ಟರೆ ಕೂಲಿಯ ಜೊತೆಗೆ ಒಂದು ಬಾಗಿಲಿಗಾಗುವಷ್ಟು ಮರ ಚೌರಪ್ಪನಿಗೆ ಎಂದು ಮಾತಾಯಿತು. ಜ್ಞಾನಮ್ಮ ಆ ವಾರದ ಸಂತೆಯಲ್ಲೇ ಚಿಲಕ ಕೊಂಡಳು.

ಕೆಲಸ ಅರ್ಧಕ್ಕೆ ಬಂದಾಗ ಬೂದಿ ಬುಧವಾರ ಬಂತು. ಅವರ ಉಪವಾಸದ ಕಾಲ ಶುರುವಾಗುವ ಆ ದಿನ ಇಗರ್ಜಿಯಲ್ಲಿ ಪಾದ್ರಿಗಳು ಹಣೆಗೆ ಬೂದಿ ಇಡುತ್ತಾರೆ. ಚೌರಪ್ಪ ಆ ಬೂದಿಯಲ್ಲೇ ಕೆಲಸಕ್ಕೆ ಬಂದ. ಹಣೆತುಂಬ ವಿಭೂತಿಯ ಕಲ್ಲೇಶಪ್ಪನವರು ನಕ್ಕರು.

"ಏನ್ಲಾ ಚೌರ, ಕೊನೆಗೂ ನಮ್ಮ ಮಠಕ್ಕೆ ಬಂದ್ಯಾ?"

"ಎರಡೂ ಬೂದೀನೇ ಬುದ್ಧಿ. ಮಣ್ಣಿಂದ ಬಂದೋನು ಮಣ್ಣಿಗೇ ಹೋಗ್ತೀಯ ಅಂತೇಳಿ ಇಡ್ತಾರೆ. ಅಂದಂಗೆ, ಬಾಗ್ಲು ಐದಡಿ ಅಂದ್ರಲ್ಲ, ಸಾಲದು."

"ಯಾಕ್ಲಾ? ಅಮಲ್ದಾರರೂ ತಲೆ ಬಗ್ಗಿಸ್ಕೊಂಡು ಬರ್ಬೇಕು ನನ್ನ ಮನೆಗೆ!"

"ಬರಾಕೆ ಸಾಕು. ಹೋಗಾಕೆ? ನಾವಾದ್ರೆ ಮಲಗಿ ಹೋಗ್ತೀವಿ, ಅಡ್ಡಿ ಇಲ್ಲ. ನಿಮ್ಮೋರು ಕುರ್ಚಿ ಮೇಲೆ ಕೂತು, ನಾಕು ಜನರ ಹೆಗಲ ಮೇಲೆ ಹೋಗೋರು. ತಲೆ ತಗಲ್ತದೆ ಬುದ್ಧಿ."

ಗಾರೆಯವರ ಕರಣೆ ಅಲ್ಲಲ್ಲೇ ನಿಂತಿತು. "ಗೃಹಪ್ರವೇಶಕ್ಕೆ ಮುಂಚೇನೇ ನನ್ನ ಎತ್ತಿಬಿಟ್ಯೇನೋ!" ಎಂದು ಕಲ್ಲೇಶಪ್ಪನವರು ಅವನ ಉಳಿ, ಬಾಚಿಗಳನ್ನು ಬೀದಿಗೆ ಎಸೆದರು.

ಮನೆಯಲ್ಲಿ ಜ್ಞಾನಮ್ಮನ ದನಿ ನನ್ನ ಎರಡೂ ಬೀಗ ದಾಟಿ ಕೇಳಿಸಿತು. "ಐದಡಿ ಅಂದೋರಿಗೆ ಐದಡಿ ಮಾಡಿ ಬರಾಕೆ ಏನ್ ರೋಗ ನಿಂಗೆ? ಅವರ ಸಾವು ಕಟ್ಕೊಂಡು ನಿಂಗೇನಾಗ್ಬೇಕು?"

"ಇನ್ಯಾರೇ ಹೇಳ್ತಾರೆ ಅವರಿಗೆ? ಬಂದೋರೆಲ್ಲ ಕೊಬ್ಬರಿ ಬೆಲೆ ಹೇಳ್ತಾರೆ."

ಆ ಸಂಜೆ ನಾನೂ ಗುಟ್ಟಾಗಿ ನನ್ನ ಬಾಗಿಲನ್ನು ಅಳೆದೆ. ಎತ್ತರ ಸರಿಯಿತ್ತು. ನನ್ನ ಹೊಟ್ಟೆಗೆ ಅಗಲ ಸಾಲದು.

ಹದಿನೈದು ದಿನ ಬಿಟ್ಟು ಕಲ್ಲೇಶಪ್ಪನವರು ತಾವೇ ಬಂದು ಗೋಣಿ ಸರಿಸಿ ಇಣುಕಿದರು. "ಎಂಟಡಿ ಮಾಡಪ್ಪ. ಯಾರಾದ್ರೂ ಕೇಳಿದ್ರೆ ಗಾಳಿಗೆ ಅನ್ನು."

ಹೀಗೆ ಅವನ ಪಾಲಿನ ತೇಗ ಬಂತು. ಚೌರಪ್ಪ ತನ್ನ ಬಾಗಿಲನ್ನೂ ಮಾಡಿದ. ಜ್ಞಾನಮ್ಮ ನಿಂತು ಚಿಲಕ ಬಡಿಸಿದಳು. ಮರುದಿನ ಚೌಕಟ್ಟಿಗೆ ಏರಿಸಬೇಕು, ಅಷ್ಟರಲ್ಲಿ ರೈಲ್ವೆ ಗ್ಯಾಂಗ್‌ಮನ್ ಇನ್ನಾಸಪ್ಪ ಜ್ವರದಲ್ಲಿ ಹೋದ. ಅವನ ಮನೆಯಲ್ಲಿ ಹಲಗೆಯಿರಲಿ, ಮಣೆಯೂ ಇರಲಿಲ್ಲ. ಚೌರಪ್ಪ ಗೋಡೆಗೆ ಒರಗಿಸಿದ್ದ ಬಾಗಿಲನ್ನು ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ.

"ನನ್ನನ್ಯಾಕೆ ನೋಡ್ತೀಯ? ಇನ್ನಾಸಣ್ಣ ಉದ್ದ ಆಳು, ಅಳತೆ ನೋಡು," ಎಂದಳು ಜ್ಞಾನಮ್ಮ. ಚಿಲಕವನ್ನು ತಾನೇ ಕಿತ್ತು ರಾಗಿ ಮಡಕೆಯೊಳಗೆ ಇಟ್ಟಳು. ಮೂರು ದಿನ ಗಂಡನೊಡನೆ ಮಾತಾಡಲಿಲ್ಲ.

ಯುದ್ಧ ಮುಗಿದ ಮರುವರ್ಷ, ನಲವತ್ತಾರರಲ್ಲಿ, ಚೌರಪ್ಪ ಹೋದ. ಹಲಗೆಗಳನ್ನು ಕಲ್ಲೇಶಪ್ಪನವರು ಕೇಳದೆಯೇ ಕಳಿಸಿದರು. ಪೆಟ್ಟಿಗೆ ಹೊತ್ತ ಆರು ಜನರಲ್ಲಿ ನಾನೂ ಒಬ್ಬ. ಭಾರ ಉಳಿದ ಐವರ ಮೇಲಿತ್ತು. ತಲೆ ತಗಲಲಿಲ್ಲ, ಮೂಲೆ ಉಜ್ಜಲಿಲ್ಲ. ಅಷ್ಟು ಸಲೀಸಾಗಿ ಮನೆ ಬಿಟ್ಟವರನ್ನು ನಾನು ಬೇರೆ ಕಂಡಿಲ್ಲ. ಜ್ಞಾನಮ್ಮ ಪಕ್ಕಕ್ಕೆ ನಿಂತು, ಗೋಣಿಯನ್ನು ಎತ್ತಿ ಹಿಡಿದಿದ್ದಳು.